ಹನ್ನೊಂದು ಕೆಂಪು ಕಣ್ಣುಗಳು

ಆರುನೂರು ಮನೆಗಳ ಕರೆಂಟ್ ಮೀಟರ್ ಓದುವ ನನಗೆ ನನ್ನ ಮನೆಯ ಮೀಟರ್ ಓದುವ ಅಧಿಕಾರವಿಲ್ಲ. ಮೀಟರ್ ರೀಡರನ ಮನೆಯ ಮೀಟರನ್ನು ಬೇರೊಬ್ಬ ರೀಡರನೇ ಬಂದು ಓದಬೇಕು ಎಂಬುದು ಇಲಾಖೆಯ ನಿಯಮ. (ಇಲಾಖೆಗೆ ನನ್ನ ಮೇಲಿರುವ ನಂಬಿಕೆ ಅಷ್ಟು. ನನ್ನ ಹೆಂಡತಿಗಿರುವುದಕ್ಕಿಂತ ಎಳ್ಳಷ್ಟು ಹೆಚ್ಚಿರಬಹುದು, ಅಷ್ಟೆ.)

ನನ್ನ ಮನೆಗೆ ಬರುವವನು ಟಾರ್ಚು. ನಡುಹಗಲಲ್ಲೂ ಕೈಯಲ್ಲಿ ಟಾರ್ಚು ಹಿಡಿದೇ ಓಡಾಡುವುದರಿಂದ ಆಫೀಸಿನಲ್ಲಿ ಅವನಿಗೆ ಆ ಹೆಸರು ಬಿದ್ದಿದೆ. ಆ ತಿಂಗಳು ಅವನು ನನ್ನ ಮೀಟರಿನ ಮುಖಕ್ಕೆ ಟಾರ್ಚು ಬಿಟ್ಟು ನೋಡಿ, ಒಂದು ಉದ್ದನೆಯ ಸಿಳ್ಳೆ ಹಾಕಿದ.

"ಅಣ್ಣಾ, ಮೂಲೆ ಬೇಕರಿ ಬಿಟ್ರೆ ಈ ಬೀದೀಲಿ ನಿಮ್ಮನೇದೇ ಜಾಸ್ತಿ!"

"ಮೆಲ್ಲಗೆ ಹೇಳೋ ಮಾರಾಯ. ಅಕ್ಕಪಕ್ಕದೋರು ಕೇಳಿಸ್ಕೋತಾರೆ."

"ನಾನು ಮೆಲ್ಲಗೆ ಹೇಳಿದ್ರೆ ಆಯ್ತಾ? ಇನ್ನು ಮೂರು ತಿಂಗಳೊಳಗೆ ನೀವೇ ಮೈಕ್ ಹಿಡ್ಕೊಂಡು ನಿಂತ್ಕೋಬೇಕಲ್ಲ!"

ಅದನ್ನು ಮರೆತೇಬಿಟ್ಟಿದ್ದೆ. ನಮ್ಮ ಇಲಾಖೆಯಲ್ಲಿ ವರ್ಷಕ್ಕೊಮ್ಮೆ ವಿದ್ಯುತ್ ಉಳಿತಾಯ ಸಪ್ತಾಹ ನಡೆಯುತ್ತದೆ. ಈ ಸಲ ಭಾಷಣವನ್ನು ಹೊರಗಿನವರ ಬದಲು ನಮ್ಮವರೇ ಮಾಡಲಿ, ದೊಡ್ಡ ದನಿಯವರು ಯಾರಿದ್ದೀರಿ ಎಂದು ನಮ್ಮ ಮೇಲಧಿಕಾರಿ ಮೇಡಂ ಕೇಳಿದಾಗ ಇಡೀ ಆಫೀಸು ನನ್ನತ್ತ ಬೆರಳು ತೋರಿಸಿತ್ತು. ಇಪ್ಪತ್ತಾರು ವರ್ಷ ಗೇಟಿನಾಚೆ ನಿಂತು "ಮೀಟರ್!" ಎಂದು ಕೂಗಿದ ಗಂಟಲು ನನ್ನದು. ಜೀವಮಾನದಲ್ಲಿ ನಾನು ವೇದಿಕೆ ಹತ್ತಿದವನಲ್ಲ. ನನ್ನ ಮದುವೆಯ ಫೋಟೋದಲ್ಲಿ ಕೂಡ ಅರ್ಧವೇ ಬಿದ್ದಿದ್ದೇನೆ. ಈಗ ನಾಲ್ಕು ಜನರೆದುರು ಪೂರ್ತಿಯಾಗಿ ನಿಲ್ಲುವ ಒಂದೇ ಒಂದು ಅವಕಾಶ ಬಂದಿತ್ತು. ಅದೂ "ನನ್ನ ಮನೆಯೇ ನಿಮಗೆ ಮಾದರಿ" ಎಂಬ ವಿಷಯದ ಮೇಲೆ! ಮಾದರಿ ಮನೆಯ ರೀಡಿಂಗು ಬೇಕರಿಗೆ ಎರಡನೆಯದು ಎಂದು ತಿಳಿದರೆ ನನ್ನ ಮಾನ ಅದೇ ಮೈಕಿನಲ್ಲಿ ಹರಾಜಾಗುತ್ತದೆ.

ಅಂದು ಸಂಜೆ ಮನೆಯಲ್ಲಿ ಯಾರೂ ಇರಲಿಲ್ಲ. ತಲೆ ಸಿಡಿಯುತ್ತಿದ್ದುದರಿಂದ ದೀಪ ಆರಿಸಿ ಹಾಲಿನಲ್ಲಿ ಕೂತೆ. ಕಣ್ಣು ಕತ್ತಲೆಗೆ ಹೊಂದಿಕೊಂಡಾಗ ನೋಡುತ್ತೇನೆ, ಮೂಲೆಯಿಂದ ಯಾರೋ ನನ್ನನ್ನೇ ದಿಟ್ಟಿಸುತ್ತಿದ್ದಾರೆ! ಕೆಂಪು ಕಣ್ಣು. ಅದು ಟಿವಿಯದು. ಅದರ ಕೆಳಗೆ ಸೆಟ್ ಟಾಪ್ ಬಾಕ್ಸಿನದು. ಎದ್ದು ಮನೆಯೆಲ್ಲ ಸುತ್ತಿದೆ. ಅಡುಗೆಮನೆಯಲ್ಲಿ ಮೈಕ್ರೋವೇವ್ ಗಡಿಯಾರ ತೋರಿಸುತ್ತಾ ಕೂತಿದೆ. ಬಚ್ಚಲ ಪಕ್ಕದಲ್ಲಿ ಬಟ್ಟೆ ಒಗೆಯುವ ಮಷಿನ್ನು. ಮಗಳ ಕೋಣೆಯಲ್ಲಿ ಪ್ರಿಂಟರು, ಸ್ಪೀಕರು, ಏನನ್ನೂ ಚಾರ್ಜ್ ಮಾಡದೆ ಸುಮ್ಮನೆ ಬೆಚ್ಚಗಿರುವ ಚಾರ್ಜರು. ಅತ್ತೆಯವರ ಮಂಚದ ಕೆಳಗೆ ಅವರ ಕಾಲು ಒತ್ತುವ ಯಂತ್ರ. ರೂಟರಿನ ಕಣ್ಣು ಹಸಿರು, ಆದರೂ ಲೆಕ್ಕಕ್ಕೆ ಸೇರಿಸಿದೆ; ಪಾಪಿಗೆ ಬಣ್ಣ ಯಾವುದಾದರೇನು? ನೀರಿನ ಫಿಲ್ಟರಿನದು ಹತ್ತನೆಯದು. ಹನ್ನೊಂದನೆಯದು ಇವುಗಳಲ್ಲಿ ಅರ್ಧವನ್ನು ಹೊತ್ತು ಮಲಗಿದ್ದ ಎಕ್ಸ್‌ಟೆನ್ಷನ್ ಬೋರ್ಡಿನದು. ಯಾರೂ ಬಳಸದಿದ್ದಾಗಲೂ ಕರೆಂಟು ಕುಡಿಯುತ್ತಾ, ಯಾವಾಗ ಕರೆದಾರು ಎಂದು ಕಣ್ಣು ಬಿಟ್ಟುಕೊಂಡು ಕೂತಿರುವ ಹನ್ನೊಂದು ದಂಡಪಿಂಡಗಳು! ಇಷ್ಟು ವರ್ಷ ನಾನು ಇವುಗಳನ್ನು ಸಾಕಿದ್ದೆ.

ಅವತ್ತೇ ಊಟದ ಹೊತ್ತಿಗೆ ಮನೆಮಂದಿಯೆದುರು ನನ್ನ ಮಹಾಸಂಗ್ರಾಮವನ್ನು ಘೋಷಿಸಿದೆ. ಇನ್ನು ಮುಂದೆ ರಿಮೋಟಿನಲ್ಲಿ ಆರಿಸಿದರೆ ಸಾಲದು, ಗೋಡೆಯ ಸ್ವಿಚ್ಚನ್ನೇ ಆರಿಸಬೇಕು. ಕೆಲಸ ಮುಗಿದ ಮರುಕ್ಷಣ ಪ್ಲಗ್ ಕಿತ್ತಿರಬೇಕು.

ಹೆಂಡತಿ ತಟ್ಟೆಯಿಂದ ತಲೆಯೆತ್ತಲಿಲ್ಲ. "ಆ ಇಷ್ಟಗಲ ದೀಪ ಎಷ್ಟು ಕರೆಂಟು ತಿನ್ನತ್ತೆ ರೀ?"

"ದೀಪ ಅಲ್ಲ ಕಣೇ, ಅದರ ಹಿಂದೆ ಇಡೀ ಯಂತ್ರ ಅರೆನಿದ್ದೇಲಿ ಇರತ್ತೆ. ವರ್ಷವೆಲ್ಲ ತಿನ್ನತ್ತೆ."

"ನೀವೂ ರಜಾದಿನ ಪೂರ್ತಿ ಸೋಫಾ ಮೇಲೆ ಅರೆನಿದ್ದೇಲಿ ಇರ್ತೀರಿ. ತಿನ್ನೋದೇನು ಕಮ್ಮಿನಾ?"

ಮಗಳು ಕಿಸಕ್ಕೆಂದಳು. ಅತ್ತೆಯವರು ಮಾತ್ರ ಗಂಭೀರವಾಗಿ ಕೇಳಿದರು. "ನನ್ನ ಧಾರಾವಾಹಿಗೆ ಏನೂ ತೊಂದ್ರೆ ಇಲ್ಲ ತಾನೆ, ಅಳಿಯಂದ್ರೆ?"

"ಏನೂ ಇಲ್ಲ ಅತ್ತೆ," ಎಂದು ಎದೆ ತಟ್ಟಿ ಹೇಳಿದೆ. ಆ ಎದೆಯನ್ನು ಆಮೇಲೆ ಎಷ್ಟು ಸಲ ಬಡಿದುಕೊಂಡೆನೋ ದೇವರೇ ಬಲ್ಲ.

ಸಂಗ್ರಾಮವೆಂದರೆ ಸುಲಭವಲ್ಲ. ನಮ್ಮ ಮನೆ ಕಟ್ಟಿದವನು ಪ್ಲಗ್ ಪಾಯಿಂಟುಗಳನ್ನು ಮನುಷ್ಯರಿಗಾಗಿ ಇಟ್ಟಿಲ್ಲ, ಹಲ್ಲಿಗಳಿಗಾಗಿ ಇಟ್ಟಿದ್ದಾನೆ. ದಿನಕ್ಕೆರಡು ಬಾರಿ ಟಿವಿ ಸ್ಟ್ಯಾಂಡಿನ ಹಿಂದೆ, ಮಂಚದ ಕೆಳಗೆ, ಮಷಿನ್ನಿನ ಸಂದಿಯಲ್ಲಿ ತೆವಳಿದೆ. ಒಮ್ಮೆ ಸ್ಟ್ಯಾಂಡಿನ ಹಿಂದೆ ನನ್ನ ಹೊಟ್ಟೆ ಸಿಕ್ಕಿಕೊಂಡು ಅರ್ಧ ಗಂಟೆ ಹಾಗೇ ಇದ್ದೆ. ಕಸ ಗುಡಿಸಲು ಬಂದ ಅತ್ತೆಯವರು ನನ್ನ ಕಾಲುಗಳ ಸುತ್ತ ಗುಡಿಸಿ ಹೋದರು. ಆರಿಸಿದ ಯಂತ್ರಗಳನ್ನು ಯಾರೂ ಮತ್ತೆ ಮುಟ್ಟದಿರಲೆಂದು ಒಂದೊಂದಕ್ಕೂ ಒಂದೊಂದು ಬಟ್ಟೆ ಹೊದಿಸಿದೆ. ಹಳೆಯ ಬೆಡ್‌ಶೀಟು ಕತ್ತರಿಸಿ ನಾನೇ ಅಂಚು ಹೊಲಿದದ್ದು.

ಮೂರನೆಯ ದಿನಕ್ಕೇ ಕೂಗಾಟ ಶುರುವಾಯಿತು. ನನ್ನವಳು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಬೆಳಗಿನ ಏಳು ಹತ್ತರ ಬಸ್ಸನ್ನು ಹದಿನಾರು ವರ್ಷದಿಂದ ಅವಳು ಹಿಡಿಯುತ್ತಿದ್ದದ್ದು ಮೈಕ್ರೋವೇವಿನ ಗಡಿಯಾರ ನೋಡಿಕೊಂಡು. ಅದು ನನಗೇನು ಗೊತ್ತು? ಪ್ಲಗ್ ಕಿತ್ತು ಹಾಕಿದರೆ ಆ ಗಡಿಯಾರ ದಿನಾ ಬೆಳಿಗ್ಗೆ ಹನ್ನೆರಡು ಗಂಟೆ ಎಂದು ಮಿಣುಕುತ್ತದೆ.

"ಇವತ್ತೂ ಬಸ್ ಹೋಯ್ತು! ಹೊಟ್ಟೆ ಖಾಲಿ ಇಟ್ಕೊಂಡು ಬಂದ ರೋಗಿಗಳು ಬಾಗ್ಲಲ್ಲಿ ಸಾಲಾಗಿ ಕೂತು ನನ್ನ ನೋಡ್ತಾರೆ. ಅವರಿಗೆ ಏನಂತ ಹೇಳ್ಲಿ? ನನ್ನ ಗಂಡ ಕರೆಂಟು ಉಳಿಸ್ತಿದ್ದಾರೆ ಅಂತಾನಾ?"

"ಕೈಗೊಂದು ವಾಚು ಕಟ್ಕೋಬಾರ್ದಾ?"

"ಗ್ಲೌಸ್ ಹಾಕೋ ಕೈಗೆ ವಾಚು ಕಟ್ತಾರೇನ್ರೀ?"

ಮಗಳ ಪ್ರಾಜೆಕ್ಟು ಅರ್ಧ ಕಳುಹಿಸಿದಾಗ ರೂಟರ್ ಆರಿತು. (ಆರಿಸಿದ್ದು ನಾನೇ. ಅವಳು ಬಾಯಿ ಮುಚ್ಚಿಕೊಂಡು ಕೂತಿದ್ದಳು, ಕೆಲಸ ಮುಗಿಯಿತು ಎಂದುಕೊಂಡೆ.) ಅತ್ತೆಯವರ ಕತೆ ಇನ್ನೂ ದಾರುಣ. ಅವರು ಮಧ್ಯಾಹ್ನದ ಧಾರಾವಾಹಿಗಳನ್ನು ಸೆಟ್ ಟಾಪ್ ಬಾಕ್ಸಿನಲ್ಲಿ ರೆಕಾರ್ಡ್ ಆಗಲು ಬಿಟ್ಟು, ನಿದ್ದೆ ಮುಗಿಸಿ ಸಂಜೆ ನೋಡುವವರು. ಗೋಡೆಯ ಸ್ವಿಚ್ಚು ಆರಿದರೆ ಬಾಕ್ಸು ಏನನ್ನು ರೆಕಾರ್ಡ್ ಮಾಡೀತು? ಸಾಲದ್ದಕ್ಕೆ ಮತ್ತೆ ಹಾಕಿದಾಗ ಅದು ಏಳು ನಿಮಿಷ "ದಯವಿಟ್ಟು ನಿರೀಕ್ಷಿಸಿ" ಎನ್ನುತ್ತದೆ.

"ಅವಳಿಗೆ ವಿಷ ಹಾಕಿದ್ದು ಯಾರು ಅಂತ ನಿನ್ನೆ ಗೊತ್ತಾಯ್ತಂತೆ," ಎಂದು ಅತ್ತೆ ಕಣ್ಣೊರೆಸಿಕೊಂಡರು. "ಊರಿಗೆಲ್ಲ ಗೊತ್ತು. ನಂಗೊಬ್ಬಳಿಗೆ ಗೊತ್ತಿಲ್ಲ."

"ಅತ್ತೆ, ಭಾಷಣ ಮುಗಿಯೋವರೆಗೆ ತಡ್ಕೊಳ್ಳಿ."

"ಅಷ್ಟರಲ್ಲಿ ಅವಳು ಸತ್ತೇ ಹೋಗಿರ್ತಾಳೆ!"

ಹೀಗೆ ಎರಡು ವಾರ ದಿನಬೆಳಗಾದರೆ ಜಗಳ. ಆಮೇಲೆ ಇದ್ದಕ್ಕಿದ್ದಂತೆ ಎಲ್ಲ ನಿಂತುಹೋಯಿತು. ಯಾರ ಬಾಯಲ್ಲೂ ಒಂದು ದೂರಿಲ್ಲ. ಹೆಂಡತಿಗೆ ಬಸ್ಸು ತಪ್ಪುವುದು ನಿಂತಿತು. ಮಗಳು ಪ್ರಾಜೆಕ್ಟು ಮುಗಿಸಿದಳು. ಸಂಜೆಯಾದರೆ ಮೂವರೂ "ವಾಕಿಂಗ್ ಹೋಗ್ಬರ್ತೀವಿ" ಎಂದು ಹೊರಡುತ್ತಿದ್ದರು. ಮಂಡಿ ನೋವೆಂದು ಗೇಟಿನವರೆಗೂ ನಡೆಯದ ಅತ್ತೆಯವರು ಎರಡೆರಡು ಗಂಟೆ ವಾಕಿಂಗ್ ಮಾಡಿ ಬರುತ್ತಿದ್ದರು, ಅದೂ ನಗುನಗುತ್ತಾ! ಬರುವಾಗ ಹೆಂಡತಿ ಊಟವನ್ನೂ ಬಿಸಿಬಿಸಿಯಾಗಿ ಮುಚ್ಚಿಕೊಂಡು ಬಂದು ಬಡಿಸುತ್ತಿದ್ದಳು. ಎಲ್ಲಿಂದ ಎಂದು ನಾನು ಕೇಳಲಿಲ್ಲ. ಗೆದ್ದ ರಾಜ ಅಡುಗೆಮನೆಯ ವಿಚಾರಕ್ಕೆ ಹೋಗುತ್ತಾನೆಯೇ?

ಆದರೆ ಸತ್ಯ ಹೇಳಿಬಿಡುತ್ತೇನೆ, ಆ ಸಂಜೆಗಳು ನನ್ನನ್ನು ಕೊಂದವು. ಕತ್ತಲ ಹಾಲಿನಲ್ಲಿ, ಬಟ್ಟೆ ಹೊದ್ದ ಯಂತ್ರಗಳ ನಡುವೆ, ಹೆಣ ಕಾಯುವವನಂತೆ ಒಬ್ಬನೇ ಕೂತಿರುತ್ತಿದ್ದೆ. ಭಾಷಣ ಬರೆಯೋಣವೆಂದರೆ ದೀಪ ಹಾಕಬೇಕು. ಮೂಲೆಯಲ್ಲಿ ಒಂದು ಕೆಂಪು ಕಣ್ಣೂ ಇಲ್ಲ. ಜಯ ಎಂದರೆ ಇಷ್ಟು ಬೇಸರದ ವಸ್ತು ಎಂದು ನನಗೆ ಯಾರೂ ಹೇಳಿರಲಿಲ್ಲ.

ಮೊದಲ ತಿಂಗಳು ಬಳಕೆ ಸ್ವಲ್ಪ ಇಳಿಯಿತು. ಎರಡನೆಯ ತಿಂಗಳು ಅರ್ಧಕ್ಕಿಂತ ಕೆಳಗೆ ಬಿತ್ತು! ಟಾರ್ಚು ಸಿಳ್ಳೆ ಹಾಕುವುದನ್ನೇ ಮರೆತು ಮೀಟರನ್ನು ಎರಡು ಸಲ ತಟ್ಟಿ ನೋಡಿದ. "ಓಡ್ತಾ ಇದೆಯಲ್ಲಾ..." ಎಂದು ಗೊಣಗಿಕೊಂಡ. ನಾನು ಮೀಸೆ ತಿರುವಿದೆ.

ಅದೇ ವಾರ ಪಕ್ಕದ ಮನೆಯ ಮೀಟರ್ ಓದಲು ಹೋದೆ. ಅದು ನನ್ನ ಪಾಲಿನ ಆರುನೂರರಲ್ಲೇ ಒಂದು. ಅಲ್ಲಿರುವವರು ಡ್ರೈವಿಂಗ್ ಮೇಷ್ಟ್ರು ಮತ್ತು ಅವರ ಹೆಂಡತಿ, ಇಬ್ಬರೇ. ರೀಡಿಂಗು ನೋಡಿದರೆ ಬಳಕೆ ಹೋದ ತಿಂಗಳಿಗಿಂತ ದುಪ್ಪಟ್ಟು! ಏನೋ ಮರೆತು ಆಗಷ್ಟೇ ಗೇಟಿನ ಬಳಿ ಬಂದಿದ್ದ ಮೇಷ್ಟ್ರು ಹೌಹಾರಿದರು. ಬೆಳಗಿನಿಂದ ಕತ್ತಲಾಗುವವರೆಗೆ ಅವರು ರಸ್ತೆಯಲ್ಲಿರುವವರು, ಮನೆಯ ವಿಷಯ ಅವರಿಗೆ ಏನೂ ತಿಳಿಯದು.

"ರೀಡರ್ ಸಾಹೇಬ್ರೇ, ನಾವಿರೋದೇ ಇಬ್ರು. ಮೀಟರ್‌ಗೇನಾದ್ರೂ ಬ್ರೇಕ್ ಫೇಲ್ ಆಗಿದ್ಯಾ?"

ಒಳ್ಳೆಯ ಗಿರಾಕಿ ಸಿಕ್ಕಿದ. ಭಾಷಣದ ಅಭ್ಯಾಸ ಮಾಡೇಬಿಡೋಣವೆಂದು ಗೇಟಿಗೆ ಒರಗಿ ಶುರು ಮಾಡಿದೆ. ಅರೆನಿದ್ದೆಯ ಯಂತ್ರಗಳು, ಹನ್ನೊಂದು ಕಣ್ಣುಗಳು, ಎಲ್ಲವನ್ನೂ ವಿವರಿಸಿದೆ. "ಕೆಂಪು ದೀಪ ಉರಿಯೋಕೆ ಬಿಟ್ಟೋನು ಕಳ್ಳನ್ನ ಕರೆದು ಕುರ್ಚಿ ಹಾಕಿದ ಹಾಗೆ, ಮೇಷ್ಟ್ರೇ!" ಎಂದು ಗುಡುಗಿದೆ. ಆ ವಾಕ್ಯಕ್ಕಾಗಿ ನಾನು ನಾಲ್ಕು ಸಂಜೆ ತಿಣುಕಿದ್ದೆ. ಅಷ್ಟರಲ್ಲಿ ಒಳಗಿನಿಂದ ಗೊಳ್ಳೆಂದು ನಗು ಕೇಳಿಸಿತು. ಅದರಲ್ಲೊಂದು ನಗು ಥೇಟ್ ನಮ್ಮ ಅತ್ತೆಯವರದರಂತೆ ಕೊನೆಯಲ್ಲಿ ಕೆಮ್ಮಾಗಿ ಮುಗಿಯಿತು. ಪ್ರಪಂಚದಲ್ಲಿ ಅಂಥ ನಗು ಎರಡಿದೆಯಲ್ಲ ಎಂದು ಆಶ್ಚರ್ಯಪಟ್ಟುಕೊಂಡು ಮುಂದಿನ ಮನೆಗೆ ಹೋದೆ. (ಓದುಗರೇ, ನಗಬೇಡಿ. ಯುದ್ಧ ಗೆದ್ದವನ ಕಿವಿ ಸ್ವಲ್ಪ ಮಂದವಾಗಿರುತ್ತದೆ.) ಮೇಷ್ಟ್ರು ಮಾತ್ರ ಗೇಟಿನ ಬಳಿ ನಿಂತೇ ಇದ್ದರು, ಮೊದಲ ಸಲ ಸ್ಟಿಯರಿಂಗ್ ಹಿಡಿದವರ ಮುಖ ಮಾಡಿಕೊಂಡು.

ಭಾಷಣಕ್ಕೆ ಐದು ದಿನವಿತ್ತು. ಸಂಜೆ ಆರಕ್ಕೆ ಬಾಗಿಲು ಬಡಿದ ಸದ್ದಾಯಿತು. ನೋಡಿದರೆ ಮೇಡಂ! ಹಿಂದೆ ಟಾರ್ಚು, ಕೈಯಲ್ಲಿ ಟಾರ್ಚು. ಅಭಿನಂದಿಸಲು ಬಂದಿದ್ದಾರೆಂದು ಹಲ್ಲು ಕಿಸಿದೆ.

ಮೇಡಂ ನಗಲಿಲ್ಲ. "ಬೇಜಾರು ಮಾಡ್ಕೋಬೇಡಿ. ಬಳಕೆ ಒಂದೇ ಸಲ ಅರ್ಧಕ್ಕಿಂತ ಕೆಳಗೆ ಬಿದ್ರೆ ಮೀಟರ್‌ಗೆ ಏನೋ ಮಾಡಿದ್ದಾರೆ ಅಂತ ಕಂಪ್ಯೂಟರ್ ಹೆಸರು ಎತ್ತಿ ಕೊಡತ್ತೆ. ಈ ಸಲ ನಿಮ್ಮ ಹೆಸರು ಬಂದಿದೆ."

ನಾನು! ಕರೆಂಟು ಕಳ್ಳ! ಇಪ್ಪತ್ತಾರು ವರ್ಷದಲ್ಲಿ ಒಂದು ಅಂಕಿ ತಪ್ಪು ಓದಿದವನಲ್ಲ. "ಮೇಡಂ, ಮೀಟರ್ ಮುಟ್ಟಿಲ್ಲ. ಇದೆಲ್ಲ ನನ್ನ ತಪಸ್ಸು! ಒಳಗೆ ಬನ್ನಿ, ಕಣ್ಣಾರೆ ನೋಡಿ. ಒಂದೊಂದು ಯಂತ್ರಾನೂ ಪ್ಲಗ್ ಕಿತ್ತು ಮಲಗ್ಸಿದ್ದೀನಿ."

ಕೈಹಿಡಿದು ಎಳೆಯದಿದ್ದುದೊಂದೇ, ಸೀದಾ ಅಡುಗೆಮನೆಗೆ ಕರೆದೊಯ್ದೆ. "ನೋಡಿ, ಮೈಕ್ರೋವೇವು!" ಎಂದು ಜಾದೂಗಾರನಂತೆ ಬಟ್ಟೆ ಎಳೆದೆ.

ಒಂದು ರಟ್ಟಿನ ಡಬ್ಬ ಕೂತಿತ್ತು.

ಮೇಡಂ ಡಬ್ಬ ನೋಡಿದರು, ನನ್ನನ್ನು ನೋಡಿದರು. ಟಾರ್ಚು ಡಬ್ಬದ ಮೇಲೆ ಟಾರ್ಚು ಬಿಟ್ಟ. ನಾನು ಹಾಲಿಗೆ ಓಡಿ ಸೆಟ್ ಟಾಪ್ ಬಾಕ್ಸಿನ ಬಟ್ಟೆ ತೆಗೆದೆ. ಒಂದೂವರೆ ತಿಂಗಳಿಂದ ನಾನು ಹುಡುಕುತ್ತಿದ್ದ ನನ್ನದೇ ಊಟದ ಡಬ್ಬಿ! ಪ್ರಿಂಟರಿನ ಜಾಗದಲ್ಲಿ ದಪ್ಪನೆಯ ಡಿಕ್ಷನರಿ. ಕಾಲು ಒತ್ತುವ ಯಂತ್ರದ ಬಟ್ಟೆಯಡಿ ಎರಡು ದಿಂಬು. ಬಟ್ಟೆ ಒಗೆಯುವ ಮಷಿನ್ನು ಮಾತ್ರ ಇತ್ತು, ಪಾಪ, ಅದು ಭಾರ.

"ಸಾಮಾನೆಲ್ಲ ಎಲ್ಲಿ?" ಎಂದರು ಮೇಡಂ.

"ನಂಗೊತ್ತಿಲ್ಲ ಮೇಡಂ. ಕಳ್ಳತನ ಆಗಿದೆ!"

"ಮನೆಯವರೆಲ್ಲ ಎಲ್ಲಿ?"

"ವಾಕಿಂಗ್ ಹೋಗಿದ್ದಾರೆ."

ಆಗ ಪಕ್ಕದ ಮನೆಯಿಂದ ಆ ನಗು ಕೇಳಿಸಿತು. ಕೊನೆಯಲ್ಲಿ ಕೆಮ್ಮಾಗುವ ನಗು. ಈ ಸಲ ನನ್ನ ಕಿವಿಯೂ ಒಪ್ಪಿಕೊಂಡಿತು.

ಮೂವರೂ ಅಲ್ಲಿಗೆ ಹೋದೆವು. ಮೇಷ್ಟ್ರ ಹಾಲಿನ ಬಾಗಿಲು ಅರ್ಧ ತೆರೆದಿತ್ತು. ಒಳಗೆ ನನ್ನ ಸಂಸಾರ! ಅತ್ತೆಯವರು ಸೋಫಾದಲ್ಲಿ, ಕಾಲು ಯಂತ್ರದೊಳಗೆ, ಕಣ್ಣು ಧಾರಾವಾಹಿಯಲ್ಲಿ. ಮಗಳು ಮೂಲೆಯಲ್ಲಿ ಲ್ಯಾಪ್‌ಟಾಪ್ ಹಿಡಿದು, ಪಕ್ಕದಲ್ಲಿ ನಮ್ಮ ಪ್ರಿಂಟರು. ನನ್ನ ಹೆಂಡತಿ ಮತ್ತು ಮೇಷ್ಟ್ರ ಹೆಂಡತಿ ನಮ್ಮ ಮೈಕ್ರೋವೇವಿನ ಮುಂದೆ ನಿಂತು ನನ್ನ ರಾತ್ರಿಯ ಊಟವನ್ನು ಬಿಸಿ ಮಾಡುತ್ತಿದ್ದರು. ಅದರ ಗಡಿಯಾರ ಸರಿಯಾದ ಸಮಯ ತೋರಿಸುತ್ತಿತ್ತು.

"ಇದೇನೇ ಇದು?" ನನ್ನ ದನಿ ನನಗೇ ಕೇಳಿಸಲಿಲ್ಲ.

ಹೆಂಡತಿ ಬೆಚ್ಚಿದಳು, ಆದರೆ ಒಂದೇ ಗಳಿಗೆ. "ಏನಂದ್ರೆ? ನಿಮ್ಮ ಭಾಷಣಕ್ಕೆ ಕಲ್ಲು ಹಾಕಬಾರ್ದು ಅಂತ ಎಲ್ಲಾನೂ ಇಲ್ಲಿಗೆ ತಂದ್ವಿ. ನೀವು ಡ್ಯೂಟಿಗೆ ಹೋದಾಗ ಒಂದೊಂದೇ. ಅಮ್ಮ ಬದುಕಬೇಕು, ನಾನು ಬಸ್ ಹಿಡೀಬೇಕು, ನಿಮಗೆ ಮೈಕ್ ಸಿಗಬೇಕು. ಎಲ್ಲಾರಿಗೂ ಒಳ್ಳೇದಾಯ್ತಲ್ಲ?"

ಹನ್ನೊಂದು ಕಣ್ಣು ಮುಚ್ಚಿ ನಾನು ಉಳಿಸಿದ್ದು ಎಷ್ಟೋ ಗೊತ್ತಿಲ್ಲ. ಕರೆಂಟು ಉಳಿದದ್ದೆಲ್ಲ ಮನೆಯಲ್ಲಿ ಜನವೇ ಇಲ್ಲದ್ದರಿಂದ. ಮೇಡಂ ಅಲ್ಲೇ ನಿಂತು ವರದಿ ಬರೆದರು. ನಾನು ಹೆಗಲ ಮೇಲಿಂದ ಇಣುಕಿ ಓದಿದೆ: "ಮೀಟರಿನಲ್ಲಿ ದೋಷವಿಲ್ಲ. ಕಳ್ಳತನವಿಲ್ಲ. ಸದರಿ ಮನೆಯಲ್ಲಿ ಸಂಜೆ ಒಬ್ಬರು ಮಾತ್ರ ವಾಸವಿದ್ದು, ಅವರು ಏನನ್ನೂ ಬಳಸುವುದಿಲ್ಲ."

ಅಷ್ಟಕ್ಕೇ ಮುಗಿದಿದ್ದರೆ ನನ್ನ ಹಣೆಬರಹವನ್ನು ಹೊಗಳುತ್ತಿದ್ದೆ. ಆ ಹೊತ್ತಿಗೇ ಡ್ರೈವಿಂಗ್ ಮೇಷ್ಟ್ರು ಎಂದಿಗಿಂತ ಬೇಗ ಮನೆಗೆ ಬಂದರು. ಒಳಗಿನ ಜಾತ್ರೆಯನ್ನಾಗಲಿ, ಇಲಾಖೆಯ ಅಧಿಕಾರಿಯನ್ನಾಗಲಿ ನೋಡದೆ, ನೇರವಾಗಿ ಮೇನ್ ಸ್ವಿಚ್ಚಿನ ಬಳಿ ಹೋಗಿ ಟಕ್ಕೆಂದು ಆರಿಸಿದರು. ಕತ್ತಲು. ಅತ್ತೆಯವರ ಚೀತ್ಕಾರ.

"ಇವತ್ತಿಂದ ಈ ಮನೇಲಿ ಒಂದೂ ಕೆಂಪು ದೀಪ ಇರಲ್ಲ!" ಎಂದರು ಮೇಷ್ಟ್ರು ಕತ್ತಲಲ್ಲಿ. "ಒಂದು ವಾರ ಯೋಚನೆ ಮಾಡ್ದೆ. ಕೆಂಪು ದೀಪ ಉರಿಯೋಕೆ ಬಿಟ್ಟೋನು ಕಳ್ಳನ್ನ ಕರೆದು ಕುರ್ಚಿ ಹಾಕಿದ ಹಾಗೆ!"

ಟಾರ್ಚು ಮೊದಲ ಬಾರಿಗೆ ತನ್ನ ಟಾರ್ಚನ್ನು ಸಕಾರಣವಾಗಿ ಹಾಕಿದ. ಆ ಬೆಳಕಿನಲ್ಲಿ ಮೇಡಂ ಅವರ ಮುಖ ಅರಳಿದ್ದು ಕಂಡಿತು. "ಎಂಥಾ ಮಾತು! ಇದು ನಿಮ್ಮದೇನಾ?"

"ನನ್ನದೇ," ಎಂದರು ಮೇಷ್ಟ್ರು. ಅವರಿಗೆ ನಿಜವಾಗಿಯೂ ಹಾಗೇ ಅನ್ನಿಸಿತ್ತು, ಅವರನ್ನು ನಾನು ದೂರುವುದಿಲ್ಲ.

ಈ ಸಲ ನಮ್ಮವರೇ ಮಾತಾಡಲಿ ಎಂದಿದ್ದನ್ನು ಮೇಡಂ ಅಲ್ಲೇ ಮರೆತರು; ಐದು ದಿನದ ನಂತರ ಮೇಷ್ಟ್ರೇ ವೇದಿಕೆಯ ಮೇಲೆ ನಿಂತು ನನ್ನ ಭಾಷಣ ಮಾಡಿದರು. ಚಪ್ಪಾಳೆ ಬಿದ್ದಿತು. ಮೈಕಿನ ವೈರ್‌ಗೆ ಯಾರೂ ಎಡವದಂತೆ ಹಿಡಿದುಕೊಂಡು ಕೆಳಗೆ ನಿಂತಿದ್ದವನು ನಾನು. ಮರುದಿನದ ಫೋಟೋದಲ್ಲಿ ನನ್ನ ಮೊಣಕೈ ಕಾಣುತ್ತದೆ.

ನಮ್ಮ ಸಾಮಾನುಗಳೆಲ್ಲ ಮನೆಗೆ ವಾಪಸು ಬಂದವು. ಹಿಂದೆಯೇ ಮೇಷ್ಟ್ರ ಹೆಂಡತಿಯೂ ಬಂದರು. ಕತ್ತಲೆ ಮನೆಯಲ್ಲಿ ಅವರಾದರೂ ಎಷ್ಟು ಹೊತ್ತು ಕೂತಾರು? ಅವರೊಂದಿಗೆ ಅವರ ಇಸ್ತ್ರಿಪೆಟ್ಟಿಗೆ, ಮೊಬೈಲು, ಕೂದಲು ಒಣಗಿಸುವ ಯಂತ್ರ. ನನ್ನ ಕುರ್ಚಿಯಲ್ಲಿ ಅವರೇ ಕೂರುತ್ತಾರೆ. ಮೊನ್ನೆ ಟಾರ್ಚು ಬಂದು ಹಾಕಿದ ಸಿಳ್ಳೆ ಬೇಕರಿಯವರಿಗೂ ಕೇಳಿಸಿರಬೇಕು. ಬೇಕರಿ ಈಗ ಬೀದಿಯಲ್ಲಿ ಎರಡನೆಯದು.

ನಿನ್ನೆ ಸಂಜೆ ಎಲ್ಲರೂ ಒಟ್ಟಿಗೆ ಏನೋ ನೋಡುತ್ತಾ ಗೊಳ್ಳೆಂದು ನಗುತ್ತಿದ್ದರು. ನನಗೂ ಬಾಗಿಲ ಬಳಿ ಒಂದು ಸ್ಟೂಲು ಸಿಕ್ಕಿತ್ತು. ಅತ್ತೆಯವರು ಟಿವಿಯಲ್ಲಿ ವಿಷ ಹಾಕಿದವಳನ್ನು ನನಗೆ ಬೆರಳು ಮಾಡಿ ತೋರಿಸಿದರು. ಹೆಂಡತಿ ತಿರುಗಿ, "ರೀ, ಪ್ಲಗ್ ಸಾಲ್ತಿಲ್ಲ. ಅಂಗಡಿ ಮುಚ್ಚೋಕೆ ಮುಂಚೆ ಇನ್ನೊಂದು ಎಕ್ಸ್‌ಟೆನ್ಷನ್ ಬೋರ್ಡು ತಂದ್ಬಿಡಿ," ಎಂದಳು.

ಹೋಗುವಾಗ ನೋಡಿದೆ, ಡ್ರೈವಿಂಗ್ ಮೇಷ್ಟ್ರು ತಮ್ಮ ಕತ್ತಲೆ ಮನೆಯ ಮೆಟ್ಟಿಲ ಮೇಲೆ ಒಬ್ಬರೇ ಕೂತಿದ್ದರು, ನಮ್ಮ ಕಿಟಕಿಯನ್ನೇ ನೋಡುತ್ತಾ. ಆ ಕೂರುವ ಭಂಗಿ ನನಗೆ ಚೆನ್ನಾಗಿ ಗೊತ್ತು. "ಒಳಗೆ ಬನ್ನಿ ಮೇಷ್ಟ್ರೇ," ಎಂದೆ. ಮಾತಿಗೆ ಕಾದಿದ್ದವರಂತೆ ಎದ್ದು ಹೋಗಿ, ನನ್ನ ಸ್ಟೂಲಿನ ಮೇಲೆ ಕೂತುಬಿಟ್ಟರು.

ಅಂಗಡಿಯವನು ಎರಡು ಬೋರ್ಡು ಮುಂದಿಟ್ಟ. "ಕೆಂಪು ದೀಪ ಇರೋದು ಕೊಡ್ಲಾ, ಇಲ್ಲದ್ದು ಕೊಡ್ಲಾ?"

ಎರಡು ತಿಂಗಳ ಸಂಜೆಗಳು ನೆನಪಾದವು. "ಇರೋದೇ ಕೊಡಪ್ಪ," ಎಂದೆ. "ಮನೇಲಿ ಯಾರೋ ಇದ್ದಾರೆ ಅಂತ ಗೊತ್ತಾಗ್ಲಿ."

ಅವನು ಬೋರ್ಡನ್ನು ಕೊಡದೆ ಕೈಯಲ್ಲೇ ಹಿಡಿದುಕೊಂಡ. "ಸಾರ್, ನೀವು ಆ ಸಪ್ತಾಹಕ್ಕೆ ಬಂದಿರ್ಲಿಲ್ವಾ? ಡ್ರೈವಿಂಗ್ ಮೇಷ್ಟ್ರು ಎಂಥಾ ಮಾತು ಹೇಳಿದ್ರು ಗೊತ್ತಾ?" ಎಂದು ಗಂಟಲು ಸರಿಮಾಡಿಕೊಂಡು, ಕಳ್ಳನಿಂದ ಹಿಡಿದು ಕುರ್ಚಿಯವರೆಗೆ, ಒಂದಕ್ಷರ ಬಿಡದೆ ನನಗೆ ಬುದ್ಧಿ ಹೇಳಿದ. ನಾನು ತಲೆತಗ್ಗಿಸಿ ಪೂರ್ತಿ ಕೇಳಿಸಿಕೊಂಡು, ಬೋರ್ಡು ತೆಗೆದುಕೊಂಡು ಮನೆಗೆ ಬಂದೆ.